ಮಾರ್ಚಿನ ಕೊನೆಯ ಹದಿನಾರು ಬಾರ್: ಬೆಳಗಾವಿಯಿಂದ ವಿಜಯಪುರದವರೆಗೆ

ಮೊದಲ ದಿನ: ಬೆಳಗಾವಿ

ವಿಜಯಪುರದ ಶಾಲೆಯೊಂದರ ಕ್ರೀಡಾಕೂಟದಲ್ಲಿ ಮಕ್ಕಳ ಪಥಸಂಚಲನಕ್ಕೆ ನುಡಿಸಲೆಂದು ನಾಲ್ಕು ನಿಮಿಷದ ಒಂದು ಮಾರ್ಚ್ ಬರೆದುಕೊಡಲು ಒಪ್ಪಿಕೊಂಡು ಎರಡು ತಿಂಗಳಾಗಿತ್ತು. ತುತ್ತೂರಿಗಳು ಮೊಳಗುವ ಆರಂಭದ ಘೋಷವೂ ನಡುವಿನ ರಾಗವೂ ಸಿದ್ಧವಾಗಿದ್ದವು; ಕೊನೆಯ ಹದಿನಾರು ಬಾರ್‌ಗಳು, ಅಂದರೆ ತಾಳದ ಕೊನೆಯ ಹದಿನಾರು ಆವರ್ತಗಳು, ಮಾತ್ರ ನನಗೆ ಒಲಿದಿರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನ ಉದ್ಘಾಟನೆಯನ್ನು ನೆರೆಮನೆಯ ಟಿವಿಯಲ್ಲಿ ನೋಡಿದ ದಿನದಿಂದಲೂ ಕ್ರೀಡಾಕೂಟಗಳ ಹಿತ್ತಾಳೆ ವಾದ್ಯಗಳ ಸಂಗೀತವನ್ನು ನಾನು ಬೆನ್ನು ಹತ್ತಿ ಕೇಳುತ್ತಾ ಬಂದಿದ್ದೇನೆ. ಆದ್ದರಿಂದಲೇ ಬರೆದ ಕೊನೆಗಳೆಲ್ಲ ಎಲ್ಲೋ ಕೇಳಿದ ಕೊನೆಗಳಂತೆಯೇ ಕಾಣುತ್ತಿದ್ದವು. ಡಿಸೆಂಬರ್ ಮೊದಲ ವಾರದಲ್ಲಿ ನಾಲ್ಕು ದಿನ ರಜೆ ಹಾಕಿ, ಟ್ರಂಪೆಟ್ಟಿನ ಪೆಟ್ಟಿಗೆಯನ್ನೂ ಬರೆದ ಹಾಳೆಗಳನ್ನೂ ಹಿಡಿದು ಧಾರವಾಡದಿಂದ ಬೆಳಗಾವಿಯ ಬಸ್ಸು ಹತ್ತಿದೆ.

ಬೆಳಗಾವಿಯಿಂದ ಆರಂಭಿಸಿದ್ದಕ್ಕೆ ಕಾರಣಗಳಿದ್ದವು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ 1922ರಿಂದ ಈ ಊರಿನಲ್ಲಿದೆ. ನೂರು ವರ್ಷಗಳಿಂದ ಕ್ಯಾಂಪ್ ಪ್ರದೇಶದ ಬೆಳಗು ಬ್ಯೂಗಲ್ ದನಿಯೊಂದಿಗೆ ಬೆರೆತಿದೆ. ಲೈಟ್ ಇನ್‌ಫೆಂಟ್ರಿಯವರ ನಡಿಗೆ ಉಳಿದ ಪದಾತಿದಳಗಳಿಗಿಂತ ಚುರುಕಾದದ್ದು, ಅವರ ಬ್ಯಾಂಡಿನ ಲಯವೂ ಅದಕ್ಕೆ ತಕ್ಕಂತೆ ಬಿರುಸು. ಎರಡನೆಯ ಕಾರಣವೆಂದರೆ ನನಗೆ ಗುರುಸಮಾನರಾದ ಬ್ಯಾಂಡ್ ಮಾಸ್ತರರೊಬ್ಬರು ಖಡೇಬಜಾರದ ಹಿಂದಿನ ಗಲ್ಲಿಯಲ್ಲಿರುವುದು. ಅವರ ತಂದೆ ಕವಾಯತು ಮೈದಾನದ ಬೇಲಿಯಾಚೆ ನಿಂತು ಕೇಳಿಸಿಕೊಂಡೇ ಬ್ಯೂಗಲ್ ಕಲಿತವರು. ಮದುವೆ, ಗಣೇಶನ ಮೆರವಣಿಗೆ, ಜಾತ್ರೆ ಎಂದು ಮಾಸ್ತರರು ಐವತ್ತು ವರ್ಷ ಟ್ರಂಪೆಟ್ ಊದಿದ್ದಾರೆ. ಊರಿಗೆ ಊರೇ ಅವರನ್ನು ಕಾಕಾ ಎನ್ನುತ್ತದೆ.

ಅವರ ಮನೆಯ ಪಡಸಾಲೆಯ ಗೋಡೆಗೆ ನಾಲ್ಕು ಟ್ರಂಪೆಟ್, ಎರಡು ಯುಫೋನಿಯಮ್, ಒಂದು ಸೈಡ್ ಡ್ರಮ್ ತೂಗುಹಾಕಿದ್ದವು. ಬಹಳಷ್ಟು ವಾದ್ಯಗಳು ಮೇರಠಿನ ಜಲಿ ಕೋಠಿಯಿಂದ ಬಂದವು. ದೇಶದ ಬ್ಯಾಂಡುಗಳ ಕೈಯಲ್ಲಿ ಹೊಳೆಯುವ ಹಿತ್ತಾಳೆಯ ಬಹುಪಾಲು ಆ ಬಡಾವಣೆಯದೇ. ನಾನು ಹೋದಾಗ ಕಾಕಾ ಹಳೆಯದೊಂದು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎರಡನೆಯ ವಾಲ್ವನ್ನು ಬಿಚ್ಚುತ್ತಿದ್ದರು. ಮೇಲಿನ ತಿರುಪು ಸಡಿಲಿಸಿ, ಒಳಗಿನ ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ತೋರಿಸಿದರು. ಬೆರಳುದ್ದದ ಆ ಉರುಳೆಯ ಮೈಯಲ್ಲಿ ಓರೆಯಾಗಿ ಕೊರೆದ ರಂಧ್ರಗಳು; ಅಂಚಿನಲ್ಲಿ ಹಸಿರುಗಟ್ಟಿದ ಕಿಲುಬು. ಹಳೆಯ ಧೋತರದ ತುಂಡಿನಿಂದ ಅದನ್ನು ಒರೆಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಗುರುತಿಗೆ ಗುರುತು ಕೂಡಿಸಿ ಮತ್ತೆ ಇಳಿಸಿದರು. ಒತ್ತಿದ ಗುಂಡಿ ಸದ್ದಿಲ್ಲದೆ ಮೇಲೆದ್ದು ಬಂತು.

ಆ ಉರುಳೆಯೇ ಈ ಸಂಗೀತದ ಇತಿಹಾಸವನ್ನು ಎರಡಾಗಿ ಸೀಳಿದೆ. ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ 1818ರಲ್ಲಿ ವಾಲ್ವಿಗೆ ಹಕ್ಕುಪತ್ರ ಪಡೆಯುವವರೆಗೆ ತುತ್ತೂರಿಯೆಂದರೆ ಬರಿಯ ಕೊಳವೆ. ತುಟಿಯ ಬಿಗಿತದಿಂದ ಅದರಲ್ಲಿ ಸಲೀಸಾಗಿ ಹೊರಡುತ್ತಿದ್ದದ್ದು ಷಡ್ಜ, ಗಾಂಧಾರ, ಪಂಚಮಗಳು ಮತ್ತು ಅವುಗಳ ಮೇಲುಕೆಳಗಿನ ಸ್ಥಾಯಿಗಳು. ಬ್ಯೂಗಲ್ಲಿನಲ್ಲಿ ಇಂದಿಗೂ ಹಾಗೆಯೇ. ವಾಲ್ವು ಬಂದ ಮೇಲೆ ಮೊದಲನೆಯ ಗುಂಡಿ ಸ್ವರವನ್ನು ಒಂದು ಪೂರ್ಣಾಂತರ, ಎರಡನೆಯದು ಅರ್ಧಾಂತರ, ಮೂರನೆಯದು ಒಂದೂವರೆ ಅಂತರ ಇಳಿಸತೊಡಗಿ, ಎಲ್ಲ ಸ್ವರಗಳೂ ಕೈಗೆಟುಕಿದವು. ಆದರೂ ಕ್ರೀಡಾಕೂಟದ ಘೋಷವನ್ನು ಬರೆಯುವ ಎಂಥ ದೊಡ್ಡವರೂ ಆ ಹಳೆಯ ಸ-ಗ-ಪಗಳ ಬಳಿಗೇ ಹೋಗುತ್ತಾರೆ. ಲಿಯೊ ಆರ್ನೋ 1958ರಲ್ಲಿ ಬರೆದು ಮುಂದೆ ಅಮೆರಿಕದ ದೂರದರ್ಶನದಲ್ಲಿ ಒಲಿಂಪಿಕ್ಸ್‌ನ ಗುರುತಾಗಿಬಿಟ್ಟ ಘೋಷದ ಹೆಸರೇ ‘ಬ್ಯೂಗಲರ್ಸ್ ಡ್ರೀಮ್’. 1984ರ ಲಾಸ್ ಏಂಜಲೀಸ್ ಕೂಟಕ್ಕೆ ಜಾನ್ ವಿಲಿಯಮ್ಸ್ ಬರೆದ ಘೋಷವೂ ಬಯಲಿನ ಆಚೆ ಅಂಚಿಗೆ ಕೂಗಿ ಕರೆಯುವ ತುತ್ತೂರಿಯ ಬನಿಯದು. ದೂರಕ್ಕೆ ಕೆಡದೆ ಮುಟ್ಟುವ ಸ್ವರಗಳು ಅವೇ ಎಂಬುದು ನನ್ನ ನಂಬಿಕೆ.

ನನ್ನ ಹಾಳೆಗಳನ್ನು ಕಾಕಾ ಓದಲಿಲ್ಲ. ಅವರಿಗೆ ನೊಟೇಶನ್ ಬಾರದು. ನಾನು ಊದಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೇಳಿದ್ದು ಎರಡೇ ಮಾತು.

“ಶುರುವಾತ ಚೊಲೊ ಐತ್ರಿ ಸರ್. ಖರೆ ಕಡೀಕ ಬಂದಾಗ ಯಾರ್ದೋ ಮನೀಗೆ ಹೋಗಿ ಕುಂತಂಗ ಆಗತೈತಿ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಮೈದಾನದಾಗ ಢೋಲ್ ನಡಕ ಇರಬೇಕ್ರಿ, ಮುಂದ ನಿಲ್ಲಿಸಬ್ಯಾಡ್ರಿ” ಎಂದರು. ಮೊದಲ ಮಾತು ನಾಟಿತು. ಎರಡನೆಯದಕ್ಕೆ ನಾನು ತಲೆಯಾಡಿಸಿ ಸುಮ್ಮನಾದೆ, ಆಗ ಅದರ ಬೆಲೆ ತಿಳಿಯಲಿಲ್ಲ.

ಊಟದ ಮೇಲೆ ಅವರು 2011ರ ಏಪ್ರಿಲ್ 2ರ ರಾತ್ರಿಯನ್ನು ನೆನೆದರು. ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ವಿಶ್ವಕಪ್ ಗೆದ್ದ ಅರ್ಧ ಗಂಟೆಯೊಳಗೆ ಗಲ್ಲಿಯ ಹುಡುಗರು ಬಾಗಿಲು ಬಡಿದು ಎಬ್ಬಿಸಿದ್ದರಂತೆ. ಇಸಾರವಿಲ್ಲ, ಸಮವಸ್ತ್ರವಿಲ್ಲ, ಬನಿಯನ್ನಿನಲ್ಲೇ ಆರು ಜನ ಬೀದಿಗಿಳಿದು ನಡುರಾತ್ರಿ ದಾಟುವವರೆಗೆ ನುಡಿಸಿದರಂತೆ. ಈಗ ಅಂಥ ರಾತ್ರಿಗಳಿಗೆ ಡಾಲ್ಬಿಯ ಪೆಟ್ಟಿಗೆಗಳು ಬರುತ್ತವೆ. ಅವುಗಳ ಅಬ್ಬರದ ಮುಂದೆ ಆರು ಜನರ ಉಸಿರು ಕೇಳಿಸುವುದಿಲ್ಲ ಎಂಬುದು ನನಗೆ ನಿಜವಾದ ನೋವು: ಗೆಲುವನ್ನು ಕಂಡು ಉಬ್ಬಿದ ಎದೆಯೇ ಊದುವ ಎದೆಯೂ ಆಗುವುದು ಈ ವಾದ್ಯಗಳಲ್ಲಿ ಮಾತ್ರ.

ಎರಡನೆಯ ದಿನ: ಯರಗಟ್ಟಿ, ಲೋಕಾಪುರ, ಬಾಗಲಕೋಟೆ

ಬೆಳಗಿನ ಬಸ್ಸು ಯರಗಟ್ಟಿ, ಲೋಕಾಪುರಗಳ ಮೇಲೆ ಬಾಗಲಕೋಟೆಗೆ ಹೊರಟಿತು. ಕಬ್ಬು ನುರಿಸುವ ಕಾಲ. ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತಾಸುಗಟ್ಟಲೆ ತೆವಳಿದ್ದರಿಂದ, ಕಾಕಾ ಹೇಳಿದ ‘ಯಾರದೋ ಮನೆ’ಯ ಕುರಿತು ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು.

ಆಟದ ಕಣಕ್ಕೂ ತುತ್ತೂರಿಗೂ ಇರುವ ನಂಟು ಹಳೆಯದು. ಪ್ರಾಚೀನ ಒಲಿಂಪಿಯಾದಲ್ಲಿ ಕ್ರಿ.ಪೂ. 396ರಿಂದ ತುತ್ತೂರಿ ಊದುವುದೇ ಒಂದು ಸ್ಪರ್ಧೆಯಾಗಿತ್ತು. ಮೆಗಾರದ ಹೆರೊಡೋರಸ್ ಎಂಬವನು ಅದನ್ನು ಹತ್ತು ಸಲ ಗೆದ್ದನೆಂದು ಗ್ರೀಕ್ ಬರಹಗಳು ಹೇಳುತ್ತವೆ. 1896ರಲ್ಲಿ ಅಥೆನ್ಸ್‌ನಲ್ಲಿ ಆಧುನಿಕ ಕೂಟ ಆರಂಭವಾದಾಗ ಕೋರ್ಫು ದ್ವೀಪದ ಸ್ಪಿರಿಡಾನ್ ಸಮಾರಾಸ್ ರಾಗ ಹಾಕಿದ ಒಲಿಂಪಿಕ್ ಗೀತೆಯನ್ನು ಒಂಬತ್ತು ಬ್ಯಾಂಡುಗಳೂ ನೂರೈವತ್ತು ಗಾಯಕರೂ ಕೂಡಿ ನುಡಿಸಿ ಹಾಡಿದರು. 1958ರಲ್ಲಿ ಅದೇ ಅಧಿಕೃತ ಗೀತೆಯಾಯಿತು. 1912ರಿಂದ 1948ರವರೆಗೆ ಸಂಗೀತ ರಚನೆಗೂ ಒಲಿಂಪಿಕ್ ಪದಕಗಳಿದ್ದವು ಎಂಬುದು ಇಂದು ಹಲವರಿಗೆ ಅಚ್ಚರಿ ತರಬಹುದು. 1932ರಲ್ಲಿ ಜೆಕ್ ಸಂಗೀತಗಾರ ಜೋಸೆಫ್ ಸುಕ್‌ಗೆ ಬೆಳ್ಳಿ ತಂದುಕೊಟ್ಟ ರಚನೆಯೊಂದು ಮಾರ್ಚೇ ಆಗಿತ್ತು. ಆ ವರ್ಷ ಸಂಗೀತದಲ್ಲಿ ಚಿನ್ನವನ್ನು ತೀರ್ಪುಗಾರರು ಯಾರಿಗೂ ಕೊಡಲಿಲ್ಲ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1964ರ ಟೋಕಿಯೊ. ಅಕ್ಟೋಬರ್ 10ರಂದು ಕ್ರೀಡಾಪಟುಗಳು ಕಣಕ್ಕೆ ಬಂದದ್ದು ಯೂಜಿ ಕೊಸೆಕಿ ಬರೆದ ಮಾರ್ಚಿನ ಲಯಕ್ಕೆ. ಮೈಕಟ್ಟೆಲ್ಲ ಪಶ್ಚಿಮದ ಮಿಲಿಟರಿ ಮಾರ್ಚಿನದೇ. ಆದರೆ ಕೊನೆಗೆ ಬರುವಾಗ ಜಪಾನಿನ ರಾಷ್ಟ್ರಗೀತೆಯ ಅಂತ್ಯದ ಸಾಲು ಹಿತ್ತಾಳೆಯ ಕಂಠದಲ್ಲಿ ಮೆಲ್ಲನೆ ಎದ್ದು ನಿಲ್ಲುತ್ತದೆ. ಜಗತ್ತನ್ನೆಲ್ಲ ಸುತ್ತಿದ ನಡಿಗೆ ತನ್ನ ಮನೆಯ ಹೊಸ್ತಿಲಿಗೆ ಬಂದು ನಿಂತಂತೆ. ಅದೇ ಕೂಟದಲ್ಲಿ ಅಕ್ಟೋಬರ್ 23ರಂದು ಪಾಕಿಸ್ತಾನವನ್ನು 1–0ರಿಂದ ಮಣಿಸಿ ಹಾಕಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಈ ನೆಲದ ಒಬ್ಬರ ಹೆಸರು ಆ ಮಾರ್ಚ್ ಮೊಳಗಿದ ಕೂಟದ ದಾಖಲೆಯಲ್ಲಿದೆ ಎಂಬ ನೆನಪು ಪ್ರತಿ ಸಲ ಅದನ್ನು ಕೇಳುವಾಗಲೂ ನನ್ನ ಮೈಯನ್ನು ನವಿರೇಳಿಸುತ್ತದೆ. ನನ್ನ ಕೊನೆಯ ಹದಿನಾರು ಬಾರ್‌ಗಳಿಗೆ ಬೇಕಾಗಿದ್ದದ್ದು ಅಂಥದೊಂದು ಹೊಸ್ತಿಲು.

ಅದು ಬಾಗಲಕೋಟೆಯಲ್ಲಿ ಸಿಕ್ಕಿತು. ಈ ಊರಿನ ಹೋಳಿಗೆ ನಾಡಿನಲ್ಲೇ ಹೆಸರು. ಆ ದಿನಗಳಲ್ಲಿ ಹಲಗಿಯ ಸದ್ದಿಲ್ಲದ ಓಣಿ ಇಲ್ಲಿರುವುದಿಲ್ಲ. ಡಿಸೆಂಬರಿನಲ್ಲಿ ಹೋಳಿ ಎಲ್ಲಿಂದ ಬರಬೇಕು? ಆದರೆ ಹಲಗಿ ಬಾರಿಸುವವರು ಇದ್ದೇ ಇರುತ್ತಾರೆ. ಪರಿಚಿತರೊಬ್ಬರು ಹಳೆಯ ಊರಿನ ಓಣಿಯೊಂದಕ್ಕೆ ಕರೆದೊಯ್ದರು. ಅಲ್ಲಿನ ಹಿರಿಯ ಹಲಗಿಕಾರರು ಕಟ್ಟೆಯ ಮೇಲೆ ಕುಳಿತಿದ್ದರು. “ಬರ್ರಿ ಸರ್, ಕುಂದರ್ರಿ” ಎಂದು ಚಹಾ ತರಿಸಿದರು. ನಾನು ಬಂದ ಕಾರಣ ಹೇಳಿದಾಗ ಒಳಗೆ ಹೋಗಿ ಹಲಗಿ ತಂದರು. ತಕ್ಷಣ ಬಾರಿಸಲಿಲ್ಲ. ಹಳೆಯ ಪೇಪರು, ಕಬ್ಬಿನ ರವದಿ ಕೂಡಿಸಿ ಅಂಗಳದಲ್ಲಿ ಬೆಂಕಿ ಮಾಡಿ, ಚರ್ಮದ ಮುಖವನ್ನು ಉರಿಗೆ ಒಡ್ಡಿ, ಚಕ್ರದಂತೆ ತಿರುಗಿಸುತ್ತಾ ಕಾಸಿದರು. ನಡುನಡುವೆ ಹೆಬ್ಬೆರಳಿನಿಂದ ಮೀಟಿ, ಕಿವಿಯ ಹತ್ತಿರ ಹಿಡಿದು ನೋಡಿದರು. ಮೊದಲು ‘ಧಪ್’ ಎನ್ನುತ್ತಿದ್ದ ಚರ್ಮ ಐದಾರು ನಿಮಿಷಗಳಲ್ಲಿ ‘ಠಣ್’ ಎಂದಿತು.

ಎಡಗೈಯ ತೆಳುವಾದ ಕಡ್ಡಿ ಅಂಚಿನಲ್ಲಿ ಚಿಟಿಚಿಟಿಸುತ್ತಿರಲು ಬಲಗೈಯ ದಪ್ಪ ಕೋಲು ನಡುವಿಗೆ ಬಿತ್ತು: ಡಂಕಣಕ ಡಂಕಣಕ. ನಾನು ಅರಿವಿಲ್ಲದೆಯೇ ಹೆಜ್ಜೆ ಎಣಿಸಿದೆ. ಒಂದು ಹೆಜ್ಜೆಗೆ ಮೂರು ಮಾತ್ರೆ, ಎರಡು ಹೆಜ್ಜೆಗೆ ಆರು. ನಮ್ಮ ದಾದರಾ ತಾಳದ ಆರು ಮಾತ್ರೆ. ಬ್ಯಾಂಡಿನವರು ಆರು-ಎಂಟರ ಮಾರ್ಚ್ ಎನ್ನುವುದೂ ಇದನ್ನೇ. ಎಡ-ಬಲ ಎಂದು ನಡೆಯುವ ಕಾಲಿಗೆ ಏನೂ ತೊಡಕಾಗುವುದಿಲ್ಲ, ಆದರೆ ಪ್ರತಿ ಹೆಜ್ಜೆಯ ಒಳಗೂ ಒಂದು ಕುಣಿತ ಸೇರಿಕೊಳ್ಳುತ್ತದೆ. ಪೆಟ್ಟಿಗೆ ತೆರೆದು ಟ್ರಂಪೆಟ್ಟಿನಲ್ಲಿ ನನ್ನ ಆರಂಭದ ಸ-ಗ-ಪವನ್ನೇ ಅವರ ಪೆಟ್ಟಿನ ಮೇಲೆ ಹೊಂದಿಸಿ ಊದಿದೆ. ಮೊದಲ ಸಲ ಅವರು ನಕ್ಕರು. ಎರಡನೆಯ ಸಲ ಪೆಟ್ಟನ್ನು ತುಸು ತಡೆದು ನನ್ನ ಉಸಿರಿಗೆ ಜಾಗ ಬಿಟ್ಟರು. ಮೂರನೆಯ ಸಲ ಓಣಿಯ ಹುಡುಗರು ಕುಣಿಯತೊಡಗಿದರು.

“ಇದನ್ನ ಬರಕೊಂಡು ಹೋದ್ರ ಆಗೂದಿಲ್ರಿ. ನಾವ ಬರಬೇಕಾಗತೈತಿ” ಎಂದರು ಅವರು.

“ಬರ್ತೀರೇನ್ರಿ ಅಣ್ಣಾರ?”

“ಮಕ್ಕಳ ಆಟ ಅಂದ ಮ್ಯಾಲೆ ಬರಲಾರದ ಇರಾಕ ಆಗತೈತೇನ್ರಿ?”

ರಾತ್ರಿ ಲಾಡ್ಜಿನಲ್ಲಿ ಕುಳಿತು ಹದಿನಾರು ಬಾರ್‌ಗಳನ್ನು ಒಂದೇ ಬೀಸಿನಲ್ಲಿ ಬರೆದು ಮುಗಿಸಿದೆ. ಹಲಗಿಯ ಸಾಲನ್ನು ಖಾಲಿ ಬಿಟ್ಟು, ‘ಅಣ್ಣಾರು’ ಎಂದಷ್ಟೇ ಗುರುತು ಹಾಕಿದೆ.

ಮೂರನೆಯ ದಿನ: ಕೊಲ್ಹಾರ, ವಿಜಯಪುರ

ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿನ ಉದ್ದನೆಯ ಸೇತುವೆ ದಾಟಿ, ಗಡಿಗೆಯ ಮೊಸರು ಉಂಡು, ಹನ್ನೊಂದಕ್ಕೆ ವಿಜಯಪುರ ಮುಟ್ಟಿದೆ. ತಾಲೀಮು ಸಂಜೆ ನಾಲ್ಕಕ್ಕಿತ್ತು. ನಡುವಿನ ಹೊತ್ತನ್ನು ಗೋಳಗುಮ್ಮಟದಲ್ಲಿ ಕಳೆದೆ. ಮುಂದಿರುವ ಕಟ್ಟಡ ಈಗ ವಸ್ತುಸಂಗ್ರಹಾಲಯ, ಮೂಲದಲ್ಲಿ ನಗಾರಖಾನೆ. ನಗಾರಿಯವರಿಗೆಂದೇ ಎತ್ತರದ ಒಂದು ಕಟ್ಟಡ ಕಟ್ಟಿಸಿಕೊಟ್ಟ ಊರಿದು ಎಂಬುದನ್ನು ಬ್ಯಾಂಡಿನವರೆಲ್ಲ ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಒಳಗೆ ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಶಾಲಾ ಮಕ್ಕಳು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸುತ್ತಿದ್ದರು. ಗುಮ್ಮಟದ ಕೆಳಗೆ ಹೋದ ಸದ್ದು ಮತ್ತೆ ಮತ್ತೆ ಮರಳಿ ಬರುತ್ತದೆ. ಮೈದಾನದಲ್ಲಿ ಹೋದ ಸದ್ದು ಹೋಗಿಯೇಬಿಡುತ್ತದೆ. ಕ್ರೀಡಾಕೂಟದ ಸಂಗೀತ ಬರೆಯುವವನ ಕಷ್ಟ ಈ ಎರಡನೆಯದು. ಗೋಡೆಗಳು ಸಹಾಯಕ್ಕೆ ಬರುವುದಿಲ್ಲ. ಪ್ರತಿ ಸ್ವರವೂ ತನ್ನ ಕಾಲ ಮೇಲೆ ನಡೆದು ಕೇಳುಗನನ್ನು ಮುಟ್ಟಬೇಕು.

ಆ ಕಷ್ಟ ಸಂಜೆಯೇ ಎದುರಾಯಿತು. ಇಪ್ಪತ್ತೆರಡು ಮಕ್ಕಳ ಬ್ಯಾಂಡು: ಆರು ಟ್ರಂಪೆಟ್, ನಾಲ್ಕು ಯುಫೋನಿಯಮ್, ಕ್ಲಾರಿನೆಟ್ಟುಗಳು, ಡ್ರಮ್ಮುಗಳು, ಝಾಂಜ್. ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಯಾದ್ದರಿಂದ ತಂಡಗಳ ಮುಂದೆ ಸೈಕಲ್ ಹಿಡಿದ ಹುಡುಗಿಯರ ಸಾಲೊಂದು ನಡೆಯಬೇಕಿತ್ತು. ಬ್ಯಾಂಡಿನ ಮುಂಚೂಣಿಯಲ್ಲಿ ಬಾಸ್ ಡ್ರಮ್ ನಿಲ್ಲಿಸಿ ಆರಂಭಿಸಿದೆವು. ಹತ್ತಿರದ ತಂಡಗಳು ಸೊಗಸಾಗಿ ಹೆಜ್ಜೆ ಹಾಕಿದವು. ಮೈದಾನದ ಆಚೆ ತುದಿಯಲ್ಲಿದ್ದವು ಮಾತ್ರ ಎಡಕ್ಕೆ ಬಲ, ಬಲಕ್ಕೆ ಎಡ. ದೈಹಿಕ ಶಿಕ್ಷಕರು ಮಕ್ಕಳನ್ನು ಗದರಿಸಿದರು. ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು.

ಆಗ ಕಾಕಾನ ಮಾತು ನೆನಪಾಯಿತು. ತಪ್ಪು ಮಕ್ಕಳದಾಗಿರಲಿಲ್ಲ. ನಾನೂರು ಮೀಟರ್ ಟ್ರ್ಯಾಕಿನ ಒಳ ಅಂಚು ಈ ತುದಿಯಿಂದ ಆ ತುದಿಗೆ ಸುಮಾರು 157 ಮೀಟರ್; ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 345 ಮೀಟರ್ ಹೋಗುತ್ತದೆಂದರೆ ಈ ತುದಿಯ ಪೆಟ್ಟು ಆ ತುದಿಯನ್ನು ಮುಟ್ಟಲು ಅರ್ಧ ಸೆಕೆಂಡಿಗೆ ತುಸು ಕಡಿಮೆ ಹೊತ್ತು ಬೇಕು. ನಿಮಿಷಕ್ಕೆ 120 ಹೆಜ್ಜೆಯ ಮಾರ್ಚಿನಲ್ಲಿ ಒಂದು ಹೆಜ್ಜೆಯ ಅವಧಿಯೇ ಅರ್ಧ ಸೆಕೆಂಡು. ಆಚೆಯ ಮಕ್ಕಳು ತಾವು ಕೇಳಿದ ಪೆಟ್ಟಿಗೆ ಪ್ರಾಮಾಣಿಕವಾಗಿಯೇ ಕಾಲಿಡುತ್ತಿದ್ದರು. ಆ ಪೆಟ್ಟು ಹೆಚ್ಚುಕಡಿಮೆ ಒಂದು ಹೆಜ್ಜೆ ಹಳೆಯದಾಗಿತ್ತು. ನೊಟೇಶನ್ ಓದಲು ಬಾರದ ಕಾಕಾ ಐವತ್ತು ವರ್ಷದ ಮೆರವಣಿಗೆಗಳಲ್ಲಿ ಕಂಡುಕೊಂಡಿದ್ದನ್ನು ನಾನು ಲೆಕ್ಕ ಹಾಕಿ ತಿಳಿಯಬೇಕಾಯಿತು.

ಬ್ಯಾಂಡನ್ನು ಮೈದಾನದ ನಡುವಿಗೆ ಒಯ್ದು, ಬಾಸ್ ಡ್ರಮ್ಮನ್ನು ಬ್ಯಾಂಡಿನ ನಡುವಿಗಿಟ್ಟೆವು. ಸದ್ದು ನಡೆಯಬೇಕಾದ ದೂರ ಅರ್ಧಕ್ಕಿಳಿಯಿತು. ಎರಡೂ ತುದಿಗಳಿಗೆ ಅದು ಒಂದೇ ಸಮನೆ ತಡವಾಗಿ ಮುಟ್ಟುವಂತಾದ್ದರಿಂದ ಎದುರುಬದುರಿನ ತಂಡಗಳ ಕಾಲುಗಳೂ ಕೂಡಿಬಂದವು. ಟ್ರಂಪೆಟ್ ಹುಡುಗರಿಗೆ ಕಿವಿಗಿಂತ ಹೆಚ್ಚಾಗಿ ಡ್ರಮ್ ಹೊಡೆಯುವವಳ ಕೈಯನ್ನು ನೋಡಿ ಊದಲು ಹೇಳಿದೆ. ಒಂಬತ್ತನೆಯ ಇಯತ್ತೆಯ ಆ ಹುಡುಗಿ, “ಸರ್, ಹಂಗಾದ್ರ ಎಲ್ಲಾರೂ ನನ್ನೇ ನೋಡ್ತಾರೇನ್ರಿ?” ಎಂದು ಗಾಬರಿಯಾದಳು. ಮೂರನೆಯ ಸುತ್ತಿಗೆ ಅವಳ ಕೈ ಗಟ್ಟಿಯಾಗಿತ್ತು.

ನಾಲ್ಕನೆಯ ದಿನ: ಮೈದಾನ

ಡಿಸೆಂಬರಿನ ಬೆಳಗಿನ ಚಳಿಗೆ ಹಿತ್ತಾಳೆ ತಣ್ಣಗಿದ್ದರೆ ಸ್ವರ ಇಳಿಯುತ್ತದೆ. ವಾದ್ಯ ಬೆಚ್ಚಗಾದಂತೆ ಏರುತ್ತದೆ. ಏಳು ಗಂಟೆಗೇ ಮಕ್ಕಳನ್ನು ಕೂಡಿಸಿ, ಮೌತ್‌ಪೀಸುಗಳನ್ನು ಕಂಕುಳಲ್ಲಿಟ್ಟು ಬೆಚ್ಚಗಾಗಿಸಿಕೊಳ್ಳಲು ಹೇಳಿ, ಸ್ವರ ಊದದೆ ಬರಿಯ ಉಸಿರನ್ನು ಕೊಳವೆಗಳಲ್ಲಿ ಹಾಯಿಸಿದೆವು. ಬಾಗಲಕೋಟೆಯ ಮೊದಲ ಬಸ್ಸಿಗೆ ಅಣ್ಣಾರು ತಮ್ಮ ಸೋದರಳಿಯನೊಂದಿಗೆ ಬಂದಿಳಿದರು. ಬಿಳಿ ಧೋತರ, ಗುಲಾಬಿ ರುಮಾಲು, ಹೆಗಲಲ್ಲಿ ಹಲಗಿ. ಡ್ರಮ್ಮಿನ ಹುಡುಗಿಯ ಪಕ್ಕ ನಿಂತು, ಅವಳನ್ನು ಒಮ್ಮೆ ನೋಡಿ, “ನೀ ಹೊಡಿ ತಂಗಿ, ನಾ ನಿನ್ನ ಹಿಂದ ಬರ್ತೀನಿ” ಎಂದರು.

ಒಂಬತ್ತೂವರೆಗೆ ಸ-ಗ-ಪದ ಘೋಷ ಎದ್ದಿತು. ಆರೂ ಟ್ರಂಪೆಟ್ಟುಗಳಲ್ಲಿ ಒಂದು ಮೊದಲ ಪಂಚಮದಲ್ಲೇ ಒಡೆಯಿತು. ಹಾಗಾಗುವುದು ಸಹಜ, ಎರಡನೆಯ ಸಾಲಿಗೆ ಅದೂ ಸೇರಿಕೊಂಡಿತು. ಸೈಕಲ್ಲಿನ ಹುಡುಗಿಯರು ಮುಂದೆ, ಹಿಂದೆ ತಾಲೂಕಿನ ತಂಡಗಳು. ಯುಫೋನಿಯಮ್ಮಿನ ರಾಗ ಬಂದಾಗ ಅರ್ಧ ಮೈದಾನ ದಾಟಿದ್ದರು. ಕೊನೆಯ ತಂಡ ಗಣ್ಯರ ವೇದಿಕೆಯ ಮುಂದೆ ಹಾದುಹೋದ ಹೊತ್ತಿಗೆ ಬಾಸ್ ಡ್ರಮ್ ಒಂದು ಬಾರ್ ಸುಮ್ಮನಾಯಿತು, ಮತ್ತು ಆ ಖಾಲಿಯೊಳಗೆ ಹಲಗಿ ಬಂತು.

ಗ್ಯಾಲರಿಯಲ್ಲಿ ಕುಳಿತಿದ್ದ ತಾಯಂದಿರು, ಐಸ್‌ಕ್ಯಾಂಡಿ ಮಾರುವವ, ಗೇಟಿನ ಪೊಲೀಸು ಎಲ್ಲರೂ ಒಮ್ಮೆಲೇ ಈ ಕಡೆ ತಿರುಗಿದ್ದನ್ನು ನಾನು ಕಂಡೆ. ಮಕ್ಕಳ ಹೆಜ್ಜೆ ತಪ್ಪಲಿಲ್ಲ, ಆದರೆ ಭುಜಗಳು ಕುಣಿದವು. ಆರಂಭದ ಅದೇ ಮೂರು ಸ್ವರಗಳು ಡಂಕಣಕದ ಮೇಲೆ ಮರಳಿ ಬಂದು, ಹದಿನಾರನೆಯ ಬಾರಿನಲ್ಲಿ ಷಡ್ಜಕ್ಕೆ ನಿಂತವು.

ಮಧ್ಯಾಹ್ನ ಕಾಕಾಗೆ ಫೋನು ಮಾಡಿದೆ. ಹೇಗಾಯಿತು ಎಂದು ಅವರು ಕೇಳಲಿಲ್ಲ.

“ಢೋಲ್ ಎಲ್ಲಿ ಇಟ್ಟಿದ್ರಿ?” ಎಂದರು.

“ನಡಕ ಇಟ್ಟಿದ್ವಿ ಕಾಕಾ.”

“ಹಾಂ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಯ ಭಾಗವನ್ನು ಫೋನಿನಲ್ಲೇ ಊದಿ ಕೇಳಿಸಲು ಹೇಳಿದರು.

ಸಂಜೆ ಬಹುಮಾನ ವಿತರಣೆ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಓಟದಲ್ಲಿ ಗೆದ್ದವರು, ಸೋತವರು, ಬ್ಯಾಂಡಿನ ಮಕ್ಕಳು, ಇನ್ನೂ ಬಸ್ಸು ಬಾರದ ತಂಡಗಳು ಟ್ರ್ಯಾಕಿನ ಬದಿಯಲ್ಲಿ ಗುಂಪು ಕಟ್ಟಿದ್ದವು. ಅಣ್ಣಾರ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸೋದರಳಿಯ ಎಲ್ಲಿಂದಲೋ ಒಣಹುಲ್ಲು, ಹರಿದ ಬ್ಯಾನರಿನ ಕಾಗದ ತಂದು ಗುಡ್ಡೆ ಹಾಕಿದ; ಡ್ರಮ್ಮಿನ ಹುಡುಗಿ ಕಡ್ಡಿ ಗೀರಿದಳು; ಅಣ್ಣಾರು ಹಲಗಿಯನ್ನು ಉರಿಗೆ ಒಡ್ಡಿ ಮೆಲ್ಲನೆ ತಿರುಗಿಸತೊಡಗಿದರು.